ಪಾಕದ ಹದವೂ ಚರ್ಮದ ಕ್ಷೇಮವೂ

ಕೈಕಾಲಿನ ಕೂದಲನ್ನು ತೆಗೆಯಲೇಬೇಕೆಂಬ ಶಾಸ್ತ್ರವೇನೂ ಇಲ್ಲ. ಅದು ಕೊಳೆಯಲ್ಲ, ರೋಗವೂ ಅಲ್ಲ. ಆದರೂ ತೆಗೆಯಬಯಸುವ ಸೋದರಿಯರಿಗೆ ಅಡಿಗೆಮನೆಯಲ್ಲಿಯೇ ಒಂದು ಸಾಧನವುಂಟು; ಅದೇ ಸಕ್ಕರೆಯ ಪಾಕ. ಅರಬ್ ನಾಡುಗಳ ಹೆಂಗಸರು ಬಹುಕಾಲದಿಂದ ಬಳಸುತ್ತ ಬಂದಿರುವ ಇದನ್ನು ಈಜಿಪ್ಟಿನಲ್ಲಿ ‘ಹಲಾವಾ’ ಎಂದರೆ ‘ಸಿಹಿ’ ಎಂದೇ ಕರೆಯುತ್ತಾರೆ.

ಒಂದು ಬಟ್ಟಲು ಸಕ್ಕರೆಗೆ ಎರಡು ದೊಡ್ಡ ಚಮಚ ನಿಂಬೆರಸ, ಅಷ್ಟೇ ನೀರು ಸಾಕು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಬೇಕು. ನಿಂಬೆಯ ಹುಳಿಯು ಸಕ್ಕರೆಯ ಒಂದಂಶವನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುವುದರಿಂದ ಪಾಕವು ಹರಳುಗಟ್ಟದೆ ಮೇಣದಂತೆ ಉಳಿಯುತ್ತದೆ. ಬಣ್ಣ ಜೇನಿನಂತಾದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿರಿ. ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಕ್ಕಿದರೆ ಹದ ಸರಿ. ಬೆಲ್ಲದ ಪಾಕ ಹಿಡಿದು ಉಂಡೆ ಕಟ್ಟಬಲ್ಲ ಗೃಹಿಣಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಹದವನ್ನು ಹವೆಯೂ ಕೆಡಿಸಬಲ್ಲದು. ತುಂಗಭದ್ರೆಯ ದಂಡೆಯಲ್ಲಿ, ಸಿಂಧನೂರು ತಾಲ್ಲೂಕಿನ ದಢೇಸುಗೂರಿನಂತಹ ಊರಿನಲ್ಲಿ, ಬೇಸಿಗೆಯ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ಆ ಸೆಕೆಗೆ ಪಾಕವು ನೀರಾಗುತ್ತದೆ. ಬೆವರಿದ ಚರ್ಮಕ್ಕೆ ಅಂಟುವುದೂ ಇಲ್ಲ. ಅಲ್ಲಿನವರು ಪಾಕವನ್ನು ತುಸು ಗಟ್ಟಿಯಾಗಿಸಿಕೊಂಡು ಮುಂಜಾನೆಯ ತಂಪಿನಲ್ಲಿ ಕೆಲಸಕ್ಕೆ ತೊಡಗುವುದು ಲೇಸು. ಬೆಂಗಳೂರಿನ ಚಳಿಯಲ್ಲಾದರೋ ಅದೇ ಪಾಕ ಕಲ್ಲಾದೀತು. ಅಲ್ಲಿ ಎಳೆಯ ಪಾಕವೇ ಮೇಲು.

ನಿಜವಾದ ಅಪಾಯವಿರುವುದು ಬಿಸಿಯಲ್ಲಿ. ನೀರು 100 ಡಿಗ್ರಿಯಲ್ಲಿ ಕುದಿದರೆ ಈ ಪಾಕವು 115 ಡಿಗ್ರಿಯನ್ನೂ ಮೀರುತ್ತದೆ. ಮೇಲಾಗಿ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಮಕ್ಕಳನ್ನು ಒಲೆಯಿಂದ ದೂರವಿಡಿರಿ. ಪಾಕವು ಉಗುರುಬೆಚ್ಚಗಾಗುವವರೆಗೆ ಮುಟ್ಟಬೇಡಿರಿ. ಅಕಸ್ಮಾತ್ ಸುಟ್ಟರೆ ಅಂಟಿದ್ದನ್ನು ಕೀಳದೆ, 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ವೈದ್ಯರಿಗೆ ತೋರಿಸಿರಿ. ಮಸಿ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಕೂಡದು.

ಕೂದಲು ಒಂದು ಅಕ್ಕಿಕಾಳಿನಷ್ಟಾದರೂ ಉದ್ದವಿರಬೇಕು. ಮೈಯನ್ನು ಒರೆಸಿ, ಪೌಡರು ಸವರಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಪಾಕವನ್ನು ತೆಳ್ಳಗೆ ಹಚ್ಚಿರಿ. ಹತ್ತಿಬಟ್ಟೆಯ ಪಟ್ಟಿಯೊಂದನ್ನು ಅದರ ಮೇಲೆ ಒತ್ತಿ, ಒಂದು ಕೈಯಿಂದ ಚರ್ಮವನ್ನು ಬಿಗಿಹಿಡಿದು, ಬಟ್ಟೆಯನ್ನು ಎದುರುದಿಕ್ಕಿಗೆ ಚರ್ಮಕ್ಕೆ ಸಮಾನಾಂತರವಾಗಿ ಥಟ್ಟನೆ ಎಳೆಯಬೇಕು. ಅಂಟು ಉಳಿದರೆ ನೀರಿನಿಂದಲೇ ತೊಳೆದುಹೋಗುತ್ತದೆ. ಇದು ಅಂಗಡಿಯ ಮೇಣಕ್ಕಿಲ್ಲದ ಗುಣ. ಅಂದು ಬಿಸಿಲಿಗೆ ಹೋಗುವುದೂ ಚರ್ಮವನ್ನು ಉಜ್ಜುವುದೂ ಬೇಡ. ಮೂರು ನಾಲ್ಕು ವಾರಗಳಲ್ಲಿ ಕೂದಲು ಮರಳಿ ಬರುತ್ತದೆ. ಕಿತ್ತರೆ ದಪ್ಪವಾಗಿ ಬೆಳೆಯುತ್ತದೆಂಬುದು ಬರಿಯ ಮಾತು.

ಗಾಯ, ಕಜ್ಜಿ, ಉಬ್ಬಿದ ನರಗಳಿರುವ ಜಾಗಕ್ಕೆ ಇದು ಸಲ್ಲದು. ಮಧುಮೇಹಿಗಳೂ, ಮೊಡವೆಗೆ ರೆಟಿನಾಯ್ಡ್ ಔಷಧಿ ಬಳಸುವವರೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ತಾಯಂದಿರಿಗೆ ಇನ್ನೊಂದು ಮಾತು. ಮಗಳ ಗಲ್ಲದ ಮೇಲೆ ಒರಟು ಕೂದಲು ಹೆಚ್ಚುತ್ತಿದ್ದು, ಮುಟ್ಟು ಕೂಡ ಏರುಪೇರಾಗಿದ್ದರೆ, ಪಾಕ ಕಾಯಿಸುತ್ತ ಕೂರಬೇಡಿರಿ. ಅದು ಅಂಡಾಶಯದ, ಹಾರ್ಮೋನುಗಳ ತೊಂದರೆಯ ಸೂಚನೆಯಿರಬಹುದು, ಚಿಕಿತ್ಸೆಯುಂಟು. ಅವಳನ್ನು ಹಾಸ್ಯಮಾಡುವವರ ಬಾಯಿ ಮುಚ್ಚಿಸಿ, ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಕೂದಲು ತೆಗೆಯುವುದೂ ಬಿಡುವುದೂ ಅವಳ ಇಷ್ಟ. ಅವಳ ಆರೋಗ್ಯ ಮಾತ್ರ ಮನೆಯವರೆಲ್ಲರ ಹೊಣೆ.