ಗಾಜಿನ ಬಳೆಯ ಬೆಸುಗೆ

ಗೌರಿ ಹಬ್ಬ ಸಮೀಪಿಸಿತೆಂದರೆ ಮೈಸೂರಿನ ಗೋಕುಲಂ ಬಡಾವಣೆಯ ಗೃಹಿಣಿಯರಿಗೆ ದೇವರಾಜ ಮಾರುಕಟ್ಟೆಯ ಬಳೆ ಅಂಗಡಿಗಳು ನೆನಪಾಗುವುದು ಸಹಜ. ಪೆಟ್ಟಿಗೆಯಲ್ಲಿ ಚಿನ್ನದ ಬಳೆಗಳೆಷ್ಟಿದ್ದರೇನು? ಬಾಗಿನದ ಮೊರಕ್ಕೆ ಗಾಜಿನ ಬಳೆಯೇ ಆಗಬೇಕು. ಸೀಮಂತದ ದಿನ ಬಸುರಿಯ ಕೈತುಂಬ ಹಸಿರು ಗಾಜೇ ನಲಿಯಬೇಕು. ಚಿನ್ನ ಐಶ್ವರ್ಯವನ್ನು ಸಾರಿದರೆ, ಗಾಜು ಮಂಗಳವನ್ನು ಸಾರುತ್ತದೆ.

ಮರಳು, ಕ್ಷಾರ, ಸುಣ್ಣ, ಬೆಂಕಿ ಇಷ್ಟೇ ಗಾಜಿನ ಬಂಡವಾಳ. ಅದಕ್ಕೆ ಕೋಬಾಲ್ಟ್ ಬೆರೆತರೆ ಕಡುನೀಲಿ, ಮ್ಯಾಂಗನೀಸ್ ಬೆರೆತರೆ ನೇರಳೆ, ಕಬ್ಬಿಣದ ಅಂಶ ಸೇರಿದರೆ ಹಸಿರು ಮೂಡುತ್ತದೆ. ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿದ್ದ ಗಾಜಿನ ಕುಲುಮೆಗಳ ವಿಚಾರವನ್ನು ಬರೆದಿಟ್ಟಿದ್ದಾನೆ. ಸವಳು ಮಣ್ಣಿನಿಂದ ದೊರೆತ ಕ್ಷಾರವನ್ನೂ ಬಿಳಿಕಲ್ಲಿನ ಪುಡಿಯನ್ನೂ ಕರಗಿಸಿ ಅಲ್ಲಿ ಬಳೆಗಳನ್ನು ಮಾಡುತ್ತಿದ್ದರು. ಆ ಕುಲುಮೆಗಳು ಆರಿ ಎಷ್ಟೋ ಕಾಲವಾಯಿತು. ಮಲಾರವನ್ನು ಹೆಗಲಿಗೇರಿಸಿ ಊರೂರು ಅಲೆಯುತ್ತಿದ್ದ ಬಳೆಗಾರನೂ ಅಪರೂಪವಾಗಿದ್ದಾನೆ. ತವರಿಗೂ ಗಂಡನ ಮನೆಗೂ ನಡುವೆ ಸುದ್ದಿಯ ಸೇತುವೆಯಾಗಿದ್ದ ಆತ, 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿ ಚೆನ್ನಯ್ಯನಾಗಿ ಉಳಿದುಕೊಂಡಿದ್ದಾನೆ.

ಇಂದು ನಮ್ಮ ಅಂಗಡಿಗಳಿಗೆ ಬರುವ ಗಾಜಿನ ಬಳೆಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದ ಫಿರೋಜಾಬಾದಿನವು. ಕಾರ್ಖಾನೆಯ ಬಳೆಯೆಂದ ಮಾತ್ರಕ್ಕೆ ಅದು ಯಂತ್ರದ ಕೂಸೆಂದು ಭಾವಿಸಬಾರದು. ಸಾವಿರ ಡಿಗ್ರಿಗೂ ಮೀರಿದ ಶಾಖದ ಕುಲುಮೆಯಿಂದ ಕೆಲಸಗಾರನು ಕಬ್ಬಿಣದ ಸಲಾಕೆಯ ತುದಿಯಲ್ಲಿ ಕರಗಿದ ಗಾಜನ್ನು ತರುತ್ತಾನೆ. ಅದರ ಎಳೆ ತಿರುಗುವ ಉರುಳೆಗೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ. ಸುರುಳಿಯನ್ನು ಉದ್ದಕ್ಕೆ ಕೊಯ್ದಾಗ ಬಾಯಿತೆರೆದ ಉಂಗುರಗಳು ಬೇರೆಬೇರೆಯಾಗುತ್ತವೆ. ಇವು ಮನೆಮನೆಗೆ ಹೋಗುತ್ತವೆ. ಅಲ್ಲಿ ಹೆಂಗಸರು ದೀಪದ ಉರಿಯ ಮುಂದೆ ಕುಳಿತು, ಒಂದೊಂದನ್ನೂ ಕಾಯಿಸಿ, ತುದಿಗೆ ತುದಿ ಕೂಡಿಸಿ ಬೆಸೆಯುತ್ತಾರೆ.

ಬಳೆಯ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ. ಒಂದೆಡೆ ಸಣ್ಣದೊಂದು ಗಂಟು ತಡೆಯುತ್ತದೆ. ನಾವು ಕುಂದೆಂದು ಬದಿಗಿಡುವ ಆ ಗಂಟೇ ಕಾಣದ ಊರಿನ ಕಾಣದ ಕೈಯ ಗುರುತು.

ಆ ಕೈಗಳ ಪಾಡು ಬಳೆಯಷ್ಟು ಹೊಳಪಿನದಲ್ಲ. ತಾಜಮಹಲಿನ ರಕ್ಷಣೆಗಾಗಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿದ ಬಳಿಕ, ಆ ಸುತ್ತಿನ ಕುಲುಮೆಗಳು ಕಲ್ಲಿದ್ದಲನ್ನು ತೊರೆದು ನೈಸರ್ಗಿಕ ಅನಿಲವನ್ನು ಆಶ್ರಯಿಸಬೇಕಾಯಿತು. ಅಮೃತಶಿಲೆಯ ಬಿಳುಪನ್ನು ಕಾಯಲು ತೋರಿದ ಈ ಕಾಳಜಿ, ಇಕ್ಕಟ್ಟಿನ ಕೋಣೆಗಳಲ್ಲಿ ಉರಿಯನ್ನೇ ದಿಟ್ಟಿಸಿ ದುಡಿಯುವವರ ಕಣ್ಣಿಗೂ ಉಸಿರಿಗೂ ಅಷ್ಟಾಗಿ ಒದಗಲಿಲ್ಲ. ತಾಯಂದಿರ ಪಕ್ಕದಲ್ಲಿ ಮಕ್ಕಳೂ ಬೆಸುಗೆಗೆ ಕುಳಿತ ವೃತ್ತಾಂತ ಈ ಕಸುಬಿನ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ.

ವೆನಿಸ್ ನಗರದ ಬಳಿಯ ಮುರಾನೊ ದ್ವೀಪಕ್ಕೆ 1291ರಲ್ಲಿ ಗಾಜಿನ ಕುಲುಮೆಗಳನ್ನು ಸ್ಥಳಾಂತರಿಸಲಾಯಿತು. ಇಂದಿಗೂ ಅಲ್ಲಿ ಕೈಯಿಂದ ಮಾಡಿದ ಮಣಿಯೊಂದು ಮತ್ತೊಂದರಂತಿರುವುದಿಲ್ಲ. ಆ ವ್ಯತ್ಯಾಸವನ್ನೇ ಮೆಚ್ಚಿ ರಸಿಕರು ಬೆಲೆ ತೆರುತ್ತಾರೆ. ಯೋಗಾಭ್ಯಾಸಕ್ಕಾಗಿ ಗೋಕುಲಂಗೆ ಬರುವ ದೂರದೇಶದವರಿಗೂ ಕೈಕೆಲಸದ ಈ ಬೆಲೆ ಅಪರಿಚಿತವಲ್ಲ. ನಾವಾದರೋ ಅಂತಹುದೇ ಕುಶಲತೆಯನ್ನು ಡಜನ್ನಿನ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅದರಲ್ಲಿಯೂ ಚೌಕಾಸಿ ಮಾಡುತ್ತೇವೆ!

ಗಾಜು ಒಡೆಯುವ ವಸ್ತುವೆಂಬುದು ನಿಜ. ಒಡೆಯುವುದರಿಂದಲೇ ಅದನ್ನು ತೊಟ್ಟವರ ನಡೆಯಲ್ಲಿ ಒಂದು ನಯ ಬರುತ್ತದೆ. ಒಡೆಯುವುದರಿಂದಲೇ ಮಾಡುವವರಿಗೆ ಮತ್ತೆ ಕೆಲಸ ದೊರೆಯುತ್ತದೆ. ಈ ಸಲ ಬಾಗಿನಕ್ಕೆ ಬಳೆ ಆರಿಸುವಾಗ ಗಂಟು ಸಿಕ್ಕಿತೆಂದು ಹಿಂದಿರುಗಿಸದಿರೋಣ. ಬಳೆಯ ಉಂಗುರ ಪೂರ್ಣವಾದದ್ದು ಅಲ್ಲಿಯೇ.