ಅರೆಬೆಂದ ಆಟಗಳ ಮಾರಾಟ

ಕುಷ್ಟಗಿಯಿಂದ ನಮ್ಮ ವಾಚಕರೊಬ್ಬರು ಬರೆದ ಓಲೆಯು ಕಳೆದ ವಾರ ನಮ್ಮ ಮೇಜಿಗೆ ಬಂದಿತು. ಬರೆದವರು ಸರಕಾರಿ ಕಚೇರಿಯಲ್ಲಿ ಕಾರಕೂನರು. ಹತ್ತನೆಯ ಇಯತ್ತೆಯಲ್ಲಿ ಓದುತ್ತಿರುವ ಅವರ ಚಿರಂಜೀವನಿಗೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಸೋದರಮಾವನು ವಿಡಿಯೋ ಆಟದ ಯಂತ್ರವೊಂದನ್ನು ಕೊಟ್ಟಿದ್ದಾನೆ. ದಸರೆಯ ರಜೆಗೆಂದು ತಂದೆಯು ನಾಲ್ಕು ಸಾವಿರ ರೂಪಾಯಿಗಳಿಗೆ ಮೇಲ್ಪಟ್ಟು ತೆತ್ತು ಹುಬ್ಬಳ್ಳಿಯಿಂದ ಹೊಸ ಆಟದ ಡಿಸ್ಕನ್ನು ತಂದರು. ಮನೆಗೆ ಬಂದು ಯಂತ್ರಕ್ಕೆ ತೊಡಿಸಿ ನೋಡುವಾಗ ಆಟವು ಆರಂಭವಾಗಲಿಲ್ಲ. ಮೊದಲು ಮೂವತ್ತು ಜಿ.ಬಿ.ಯಷ್ಟು ತಿದ್ದುಪಡಿಯನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳತಕ್ಕದ್ದೆಂಬ ಅಪ್ಪಣೆಯು ತೆರೆಯ ಮೇಲೆ ಮೂಡಿತು. ಆ ಮನೆಯಲ್ಲಿರುವದು ತಂದೆಯ ಮೊಬೈಲಿನ ದಿನಕ್ಕೆ ಎರಡು ಜಿ.ಬಿ.ಯ ಪಡಿ ಮಾತ್ರ. “ಹಣವನ್ನು ಒಮ್ಮೆಗೇ ಎಣಿಸಿಕೊಂಡವರು ಸರಕನ್ನು ಕಂತುಕಂತಾಗಿ ಕೊಡುವದು ಯಾವ ನ್ಯಾಯ? ಮುಗಿಯದ ಆಟವನ್ನು ಪೇಟೆಗೆ ನೂಕಿ ಆಮೇಲೆ ತಿದ್ದುವದಕ್ಕಿಂತ, ತಡವಾದರೂ ಮುಗಿಸಿಯೇ ತರಬಾರದೇ?” ಎಂದು ಅವರು ಕೇಳಿದ್ದಾರೆ.

ವಿಡಿಯೋ ಆಟಗಳೆಂದರೆ ಹುಡುಗರ ಕಾಲಹರಣ, ಇದಕ್ಕೆ ಸಂಪಾದಕೀಯ ಪುಟದಲ್ಲಿ ಸ್ಥಳವೇಕೆ ಎಂದು ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮ ವಾಚಕರಲ್ಲಿ ಉಂಟು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಕಾರಕೂನನ ಸಂಬಳದಲ್ಲಿ ನಾಲ್ಕು ಸಾವಿರವು ಸಣ್ಣ ಮೊತ್ತವಲ್ಲ. ಹಣ ಕಟ್ಟಿ ಆಡುವ ಆಟಗಳ ಮಾತನ್ನು ನಾವು ಇಲ್ಲಿ ಎತ್ತುವದಿಲ್ಲ. ಅವುಗಳನ್ನು ಪಾರ್ಲಿಮೆಂಟು 2025ನೆಯ ಇಸವಿಯ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಇಲ್ಲಿನ ಪ್ರಶ್ನೆಯು ಕ್ರಯ ಕೊಟ್ಟು ಕೊಂಡ ಸಾದಾ ಆಟಿಕೆಯದು.

ಆಟಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಪಾಠ ಹೇಳಬೇಕಾದ ಅಗತ್ಯವಿಲ್ಲ. ಹಗುರವಾದ ಮರದ ತುಂಡುಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಕಿಟ್ಟವನ್ನು ಮೆತ್ತಿ, ಒಣಗಿಸಿ, ಬಣ್ಣ ಕೊಡುವ ಕಿನ್ನಾಳದ ಚಿತ್ರಗಾರರು ಬೊಂಬೆಯನ್ನು ಗಿರಾಕಿಯ ಕೈಗಿತ್ತ ಮೇಲೆ ಅದರ ಲೆಕ್ಕ ಮುಗಿಯಿತು. ಬೊಂಬೆಯ ಮೂಗನ್ನು ಮುಂದಿನ ತಿಂಗಳು ಕಳುಹಿಸುತ್ತೇವೆಂದು ಅವರು ಹೇಳುವಂತಿಲ್ಲ. ವಿಡಿಯೋ ಆಟಗಳೂ ಮೊದಲು ಹೀಗೆಯೇ ಇದ್ದವು. ಅಮೇರಿಕೆಯ ಅಟಾರಿ ಕಂಪನಿಯು 1982ರಲ್ಲಿ ‘ಇ.ಟಿ.’ ಎಂಬ ಚಲಚ್ಚಿತ್ರದ ಹೆಸರಿನಲ್ಲಿ ಒಂದು ಆಟವನ್ನು ಕ್ರಿಸ್‌ಮಸ್ ಸಂತೆಗೆಂದು ಐದೇ ವಾರಗಳಲ್ಲಿ ಒಬ್ಬನ ಕೈಯಿಂದ ರಚಿಸಿ ಮಾರಿತು. ಆಟವು ಕೆಟ್ಟಿತ್ತು, ಪೆಟ್ಟಿಗೆಯೊಳಗಿನ ತಪ್ಪನ್ನು ತಿದ್ದುವ ಉಪಾಯವು ಆಗ ಇರಲಿಲ್ಲ. ಉಳಿದ ಪೆಟ್ಟಿಗೆಗಳನ್ನು ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದು ನೋಡಿದವರಿಗೆ ಅವು ಅಲ್ಲಿ ದೊರೆತುವು. ಅಂದಿನ ವ್ಯಾಪಾರಿಗೆ ತನ್ನ ಆತುರದ ದಂಡವು ತನ್ನ ಜೇಬಿನಿಂದಲೇ ಹೋಗುತ್ತಿತ್ತು.

ಇಂಟರ್‌ನೆಟ್ಟು ಬಂದ ಮೇಲೆ ಈ ಭಯವು ತೊಲಗಿತು. ಮಾರಿದ ಮೇಲೆ ಕಳುಹಿಸುವ ತಿದ್ದುಪಡಿಗೆ ಇಂಗ್ಲಿಷರ ಹೆಸರು ಪ್ಯಾಚು, ಅರ್ಥಾತ್ ನಮ್ಮ ತೇಪೆ. ನಮ್ಮ ಸೀಮೆಯ ತಾಯಂದಿರು ಹಳೆಯ ಅರಿವೆಗಳಿಗೆ ತೇಪೆ ಹಚ್ಚಿ ಕೌದಿ ಹೊಲಿಯುತ್ತಾರೆ, ಅದು ಜಾಣತನ. ಹೊಸ ಅಂಗಿಯನ್ನೇ ತೇಪೆಗೆ ಜಾಗ ಬಿಟ್ಟು ಹೊಲಿದು ಮಾರುವ ದರ್ಜಿಯನ್ನು ಮಾತ್ರ ನಾವು ಇನ್ನೂ ಕಂಡಿಲ್ಲ. ಈ ಚಾಳಿಯು ಆಟದ ಅಂಗಡಿಯಲ್ಲಿಯೇ ನಿಂತಿದ್ದರೆ ನಾವು ಲೇಖನಿಯನ್ನು ಎತ್ತುತ್ತಿರಲಿಲ್ಲವೇನೋ. ಆದಾಯ ತೆರಿಗೆಯ ಹೊಸ ಜಾಲತಾಣವು 2021ರ ಜೂನ್ 7ರಂದು ತೆರೆದಾಗ ಪಟ್ಟ ಪಾಡನ್ನು ನಮ್ಮ ವಾಚಕರಲ್ಲಿ ಅನೇಕರು ಸ್ವತಃ ಬಲ್ಲರು. ಅದನ್ನು ಕಟ್ಟಿದವರು ನಮ್ಮ ಬೆಂಗಳೂರಿನ ಇನ್ಫೋಸಿಸ್ಸಿನವರೇ. ಆಗಸ್ಟಿನಲ್ಲಿ ಅರ್ಥಮಂತ್ರಿಗಳು ಕಂಪನಿಯ ಮುಖ್ಯಾಧಿಕಾರಿಗಳನ್ನು ಕರೆಯಿಸಿ ಕೇಳಬೇಕಾಯಿತು. ವಿವರಪತ್ರ ಸಲ್ಲಿಸುವ ಗಡುವನ್ನು ಆ ವರುಷ ಡಿಸೆಂಬರ್ 31ರ ವರೆಗೆ ಮುಂದೂಡಬೇಕಾಯಿತು. ಆಟವು ಕೆಟ್ಟರೆ ಹುಡುಗನು ಎದ್ದು ಹೊರಗೆ ಹೋಗಬಹುದು. ತೆರಿಗೆ ಕೊಡುವವನು ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಇನ್ನೊಂದು ಕಂಪನಿಯ ಕಥೆಯು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. 2020ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ವೀರಮರಣ ಹೊಂದಿದರು. ಸಪ್ಟೆಂಬರ್ 2ರಂದು ಕೇಂದ್ರ ಸರಕಾರವು ಪಬ್ಜಿ ಮೊದಲಾದ 118 ಅಪ್ಲಿಕೇಶನುಗಳನ್ನು ನಿಷೇಧಿಸಿತು. ಎರಡೇ ದಿನಗಳಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಎಂಬವರು ‘ಫೌಜಿ’ ಎಂಬ ಸ್ವದೇಶಿ ಆಟವು ಬರಲಿದೆಯೆಂದು ಸಾರಿದರು. ಉತ್ಪನ್ನದ ಐದನೆಯ ಒಂದು ಪಾಲು ಯೋಧರ ಕುಟುಂಬಗಳ ನಿಧಿಗೆ ಸಲ್ಲುವದೆಂದೂ ಹೇಳಿದರು. ದೇಶದಲ್ಲೆಲ್ಲ ಉತ್ಸಾಹವು ಉಕ್ಕಿತು. ಕೆಲವೇ ವಾರಗಳಲ್ಲಿ ಬರುವದೆಂದು ಜನರು ನಂಬಿದ್ದ ಆಟವು ತಡವಾಗಿ 2021ರ ಜನವರಿ 26ರಂದು ಬಂದಿತು. ಬಂದದ್ದು ಒಬ್ಬನೇ ಕುಳಿತು ಆಡತಕ್ಕ ಗಲ್ವಾನಿನ ಕಥಾಭಾಗ ಮಾತ್ರ. ಗೆಳೆಯರು ಕೂಡಿ ಆಡುವ ಭಾಗಕ್ಕೆ ‘ಶೀಘ್ರದಲ್ಲಿ’ ಎಂಬ ಚೀಟಿ ಅಂಟಿಸಿತ್ತು. ಅದರ ಮೊದಲ ಪರೀಕ್ಷಾರೂಪವು ಹೊರಬಿದ್ದದ್ದು ಜೂನ್ ತಿಂಗಳಲ್ಲಿ. ಪಬ್ಜಿಗೆ ಬದಲಿಯನ್ನು ನಿರೀಕ್ಷಿಸಿದ್ದ ತರುಣರು ಕೆಲವೇ ದಿನಗಳಲ್ಲಿ ಅದರ ಗುಣಾಂಕವನ್ನು ಕೆಳಗಿಳಿಸಿದರು.

ನ್ಯಾಯವನ್ನು ಹೇಳುವದಾದರೆ, ಆ ಆಟಕ್ಕೆ ಪ್ರವೇಶದ ಕ್ರಯವಿರಲಿಲ್ಲ. ಯಾವ ಭಾಗವು ಇದೆ, ಯಾವದು ಇಲ್ಲ ಎಂಬದನ್ನೂ ಮುಚ್ಚಿಡಲಿಲ್ಲ. ಹೀಗಿರಲು ಇಷ್ಟು ನಿರಾಶೆ ಏಕೆ? ಒಲೆ ಹೊತ್ತಿಸುವ ಮೊದಲೇ ಊರಿಗೆ ಊಟದ ಡಂಗುರ ಸಾರಿದ್ದರಿಂದ ಎಂದು ನಮಗೆ ತೋರುತ್ತದೆ. ಗಣರಾಜ್ಯ ದಿನವು ಆಟದ ಸಿದ್ಧತೆಯನ್ನು ನೋಡಿ ಗೊತ್ತಾಯಿತೋ, ಪಂಚಾಂಗವನ್ನು ನೋಡಿ ಗೊತ್ತಾಯಿತೋ ಎಂಬ ಸಂಶಯವೂ ಉಳಿಯುತ್ತದೆ. ಸ್ವದೇಶಿ ಸರಕಿನ ಮೇಲೆ ನಮಗಿರುವ ಅಭಿಮಾನವು ಅಲ್ಪವಲ್ಲ; ಅದರಿಂದಲೇ ದೇಶದ ಹೆಸರನ್ನು ಹೊತ್ತು ಬರುವ ವಸ್ತುವು ಅರೆಬೆಂದು ಬಂದಾಗ ನಮಗೆ ಇಮ್ಮಡಿ ನೋವಾಗುತ್ತದೆ.

ಕ್ರಯ ಕೊಟ್ಟವರಿಗೆ ಆದ ಮೋಸದ ಕಥೆಗೆ ಪೋಲೆಂಡ್ ದೇಶಕ್ಕೆ ಹೋಗಬೇಕು. ವಾರ್ಸಾದ ಸಿ.ಡಿ. ಪ್ರೊಜೆಕ್ಟ್ ಕಂಪನಿಯು ‘ಸೈಬರ್‌ಪಂಕ್ 2077’ ಎಂಬ ಆಟವನ್ನು 2020ರ ಏಪ್ರಿಲ್‌ನಲ್ಲಿ ಕೊಡುವೆನೆಂದು ಹೇಳಿ, ಸಪ್ಟೆಂಬರಿಗೆ, ನವೆಂಬರಿಗೆ, ಡಿಸೆಂಬರಿಗೆ ಎಂದು ಮೂರು ಸಲ ಮುಂದೂಡಿತು. ಡಿಸೆಂಬರ್ 10ರಂದು ಕಡೆಗೂ ಬಂದಾಗ, ಹಳೆಯ ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಯಂತ್ರಗಳಲ್ಲಿ ಅದು ಮೇಲಿಂದ ಮೇಲೆ ಮುರಿದು ಬೀಳುತ್ತಿತ್ತು. ಹತ್ತು ದಿನಗಳಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಪ್ರತಿಗಳು ಮಾರಿಹೋಗಿದ್ದವು. ಸೋನಿ ಕಂಪನಿಯು ಆಟವನ್ನು ವಾರದೊಳಗೇ ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಹಿಂದಿರುಗಿಸುವದಾಗಿ ಸಾರಿತು. ಮರಳಿ ಕಪಾಟಿನಲ್ಲಿಟ್ಟದ್ದು 2021ರ ಜೂನಿನಲ್ಲಿ. ಕಂಪನಿಯು ತನ್ನ ಅಮೇರಿಕೆಯ ಪಾಲುದಾರರ ವ್ಯಾಜ್ಯವನ್ನು 18.5 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಆಟವು ನಿಜವಾಗಿ ರೂಪಕ್ಕೆ ಬಂದದ್ದು 2023ರ ಸಪ್ಟೆಂಬರಿನ ದೊಡ್ಡ ತಿದ್ದುಪಡಿಯಿಂದ. ಇಂದು ಅದನ್ನು ಮೆಚ್ಚುವವರು ಬಹಳ.

ಈ ಪ್ರಕರಣದಲ್ಲಿ ನಮ್ಮನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಇಂಥ ಯಂತ್ರಗಳಿಗೆ ಬರುವ ಪ್ರತಿಯೊಂದು ಆಟವನ್ನೂ ಯಂತ್ರದ ಒಡೆಯರು ಪರೀಕ್ಷಿಸಿ ಒಪ್ಪಿಗೆಯ ಮುದ್ರೆ ಒತ್ತುವ ಪದ್ಧತಿಯುಂಟು. ಹಾಗಾದರೆ ಇದು ಪಾಸಾದದ್ದು ಹೇಗೆ? ಬಿಡುಗಡೆಯ ಹೊತ್ತಿಗೆ ಸರಿಪಡಿಸಿಕೊಳ್ಳುತ್ತಾರೆಂದು ಪರೀಕ್ಷಕರು ನಂಬಿರಬೇಕು ಎಂದು ಕಂಪನಿಯ ಅಧಿಕಾರಿಗಳೇ ಹಣ ಹೂಡಿದವರ ಮುಂದೆ ಹೇಳಿದರು. ಗುತ್ತಿಗೆದಾರನ ಮಾತಿನ ಮೇಲೆ ಇಂಜನಿಯರನು ಸೇತುವೆಗೆ ರುಜು ಹಾಕಿದಂತಾಯಿತು.

ಹಾಗಾದರೆ ತಡಮಾಡುವದೇ ಮದ್ದೇ? ಓಲೆ ಬರೆದ ಮಹಾಶಯರಿಗೆ ನಾವು ಪೂರ್ಣವಾಗಿ ಹೌದೆನ್ನಲಾರೆವು. ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಎಂಬ ಆಟವನ್ನು 1997ರಲ್ಲಿ ಸಾರಿದರು, ಬಂದದ್ದು 2011ರಲ್ಲಿ. ಹದಿನಾಲ್ಕು ವರುಷ ಕಾದವರಿಗೆ ದೊರೆತದ್ದು ತಂಗಳು. ಸೈಬರ್‌ಪಂಕ್ ಮೂರು ಸಲ ತಡವಾದರೂ ಕೆಟ್ಟೇ ಬಂದಿತೆಂಬದನ್ನು ಮೇಲೆ ಕಂಡೆವು. ಅಲ್ಲದೆ ತಡದ ಭಾರವು ಕೂಲಿಯವನ ಹೆಗಲಿಗೂ ಬೀಳುತ್ತದೆ. ಕಡ್ಡಾಯದ ಹೆಚ್ಚುವರಿ ದುಡಿಮೆ ಇರಲಾರದೆಂದು 2019ರಲ್ಲಿ ಮಾತುಕೊಟ್ಟಿದ್ದ ಅದೇ ಕಂಪನಿಯು 2020ರ ಸಪ್ಟೆಂಬರಿನಲ್ಲಿ ತನ್ನ ಜನರಿಗೆ ವಾರಕ್ಕೆ ಆರು ದಿನ ದುಡಿಯಲು ಆಜ್ಞೆ ಮಾಡಿತು. ಒಂದೊಂದು ಮುಂದೂಡಿಕೆಯೂ ಅವರ ಪಾಲಿಗೆ ಇನ್ನಷ್ಟು ರಾತ್ರಿಗಳ ಜಾಗರಣೆ.

ಮುಗಿಯದ್ದನ್ನು ಮೊದಲೇ ಕೊಟ್ಟು ಗೆದ್ದವರೂ ಇದ್ದಾರೆ. ಬೆಲ್ಜಿಯಮ್ಮಿನ ಲ್ಯಾರಿಯನ್ ಕಂಪನಿಯು ‘ಬಾಲ್ಡರ್ಸ್ ಗೇಟ್ 3’ ಆಟದ ಮೊದಲ ಅಂಕವನ್ನಷ್ಟೇ 2020ರ ಅಕ್ಟೋಬರಿನಲ್ಲಿ, ಇದು ಇನ್ನೂ ಮುಗಿದಿಲ್ಲ ಎಂದು ಹಣೆಯ ಮೇಲೆ ಬರೆದೇ ಮಾರಿತು. ಆಡಿದವರ ಟೀಕೆಗಳನ್ನು ಕೇಳಿಕೊಂಡು ಸುಮಾರು ಮೂರು ವರುಷ ದುಡಿದು 2023ರ ಆಗಸ್ಟಿನಲ್ಲಿ ಪೂರ್ಣ ಮಾಡಿತು. ಆ ವರುಷದ ಶ್ರೇಷ್ಠ ಆಟದ ಪ್ರಶಸ್ತಿಯು ಅದಕ್ಕೆ ಸಂದಿತು. ಇಂಗ್ಲಂಡಿನ ಹಲೋ ಗೇಮ್ಸ್ ಎಂಬ ಸಣ್ಣ ಮಂಡಲಿಯ ‘ನೋ ಮ್ಯಾನ್ಸ್ ಸ್ಕೈ’ 2016ರಲ್ಲಿ ಬಂದಾಗ, ಹೇಳಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಅವರು ಕೆಲಸವನ್ನು ಬಿಡದೆ ವರುಷ ವರುಷವೂ ಪುಕ್ಕಟೆಯಾಗಿ ಸೇರಿಸುತ್ತ ಬಂದು ಕಳೆದುಕೊಂಡ ಹೆಸರನ್ನು ಮರಳಿ ಗಳಿಸಿದರು. ಪರಂತು ಮೊದಲ ವಾರವೇ ಪೂರ್ತಿ ಹಣ ಕೊಟ್ಟವರು ಎರಡು ವರುಷ ಸಾಲ ಕೊಟ್ಟಂತಾಯಿತು, ಬಡ್ಡಿಯಿಲ್ಲದೆ.

ಕುಷ್ಟಗಿಯವರಿಗೆ ಇದನ್ನು ತಿಳಿಯಲು ಬೆಲ್ಜಿಯಮ್ಮಿನ ದೃಷ್ಟಾಂತವು ಬೇಕಿಲ್ಲ. 2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ಮೊದಲ ರೈಲು ಹೊರಟಿತು. ಗದಗ–ವಾಡಿ ಮಾರ್ಗವು ಅಂದು ಪೂರ್ಣವಾಗಿರಲಿಲ್ಲ. ತಳಕಲ್ಲಿನಿಂದ ಕುಷ್ಟಗಿಯ ವರೆಗಿನ ಭಾಗವು ಮಾತ್ರ ಸಿದ್ಧವಿತ್ತು. ವಾಡಿಯ ವರೆಗೆ ಮುಗಿಯುವ ತನಕ ಒಂದು ಗಾಡಿಯೂ ಓಡಕೂಡದೆಂದು ಯಾರಾದರೂ ಹಟ ಹಿಡಿದಿದ್ದರೆ ಅವರನ್ನು ನಾವೇ ಟೀಕಿಸುತ್ತಿದ್ದೆವು. ಇಲ್ಲಿ ಲಕ್ಷಿಸತಕ್ಕ ಸಂಗತಿಗಳು ಎರಡು. ಟಿಕೀಟಿನ ಕಿಂಡಿಯಲ್ಲಿ ಹುಬ್ಬಳ್ಳಿಗೆ ಹುಬ್ಬಳ್ಳಿಯ ಕ್ರಯವನ್ನೇ ತೆಗೆದುಕೊಂಡರು. ವಾಡಿಯ ಟಿಕೀಟು ಕೊಟ್ಟು ಹಳಿಯನ್ನು ಆಮೇಲೆ ಹಾಸುತ್ತೇವೆಂದು ಹೇಳಲಿಲ್ಲ. ಎರಡನೆಯದಾಗಿ, ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆಯಾಗದೆ ಹೊಸ ಮಾರ್ಗದ ಮೇಲೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಆ ಆಯುಕ್ತರೋ ರೈಲ್ವೆ ಖಾತೆಯ ಕೈಕೆಳಗಿನವರಲ್ಲ, ವಿಮಾನಯಾನದ ಖಾತೆಗೆ ಸೇರಿದವರು. ತೆರೆದ ಭಾಗವು ಅರ್ಧವಾದರೂ ಗಟ್ಟಿಯಾಗಿರಬೇಕು, ಹಣವು ಆ ಅರ್ಧಕ್ಕೆ ಮಾತ್ರ ಸಲ್ಲಬೇಕು. ಆಟದ ಕಂಪನಿಗಳಿಂದ ನಾವು ಬೇಡುವದು ಇಷ್ಟೇ.

ಇದನ್ನು ಬರೆಯುವಾಗ ನಮ್ಮ ಮುಖವೂ ಕನ್ನಡಿಯಲ್ಲಿ ಕಾಣುತ್ತದೆ. ದಿನಪತ್ರಿಕೆಯು ಬೆಳಗಿನ ಬಸ್ಸಿಗೆ ಹೋಗಲೇಬೇಕು. ಆದ ತಪ್ಪಿಗೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಹಿಂದೊಮ್ಮೆ ತೊಗರಿಯ ಧಾರಣೆಯ ಅಂಕಿಯನ್ನು ನಾವು ತಪ್ಪಾಗಿ ಅಚ್ಚು ಹಾಕಿದೆವು. ಮರುದಿನದ ತಿದ್ದುಪಡಿ ಓದುವಷ್ಟರಲ್ಲಿ ಒಬ್ಬ ರೈತನು ಬಾಡಿಗೆಯ ಗಾಡಿಯಲ್ಲಿ ಚೀಲಗಳನ್ನು ಹೇರಿ ಪೇಟೆಗೆ ಬಂದು ಮುಟ್ಟಿದ್ದನು. ಆತನು ನಮ್ಮ ಕಚೇರಿಯ ಮೆಟ್ಟಿಲೇರಿ ಬಾಡಿಗೆಯ ಚೀಟಿಯನ್ನು ಮೇಜಿನ ಮೇಲಿಟ್ಟನು. ಕೊಟ್ಟೆವು. ಸುದ್ದಿಯು ಒಂದು ದಿನ ತಡೆದರೆ ಹಳಸುತ್ತದೆ, ಆದ್ದರಿಂದ ನಮಗೆ ಅಷ್ಟು ಕ್ಷಮೆಯುಂಟು. ಆರು ತಿಂಗಳು ತಡೆದರೆ ಹಳಸುವ ಆಟವನ್ನು ನಾವು ಅರಿಯೆವು.

ಕಾಯಿದೆಯಲ್ಲಿ ಆಧಾರವಿಲ್ಲವೆಂದಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆಯು ಗುಣದಲ್ಲಿ ಇಲ್ಲವೆ ಪ್ರಮಾಣದಲ್ಲಿ ಆಗುವ ಯಾವತ್ತೂ ಕೊರತೆಯನ್ನು ದೋಷವೆಂದು ಎಣಿಸುತ್ತದೆ. ಅದರ ಜಿಲ್ಲಾ ಆಯೋಗವು ಕೊಪ್ಪಳದಲ್ಲಿಯೇ ಇದೆ. ಬಿಸ್ಕೀಟಿನ ಪೊಟ್ಟಣದ ಮೇಲೆ ನಿವ್ವಳ ತೂಕವನ್ನು ಬರೆಯಬೇಕೆಂದು 2011ರ ನಿಯಮಗಳು ವಿಧಿಸಿವೆ. ಆಟದ ಪೆಟ್ಟಿಗೆಯ ಮೇಲೆಯೂ ಒಳಗಿರುವದು ಎಷ್ಟು, ಮನೆಯಲ್ಲಿ ಇಳಿಸಿಕೊಳ್ಳಬೇಕಾದದ್ದು ಎಷ್ಟು ಎಂದು ದಪ್ಪ ಅಕ್ಷರಗಳಲ್ಲಿ ಬರೆಯಿಸುವದು ಸರಕಾರಕ್ಕೆ ಅಸಾಧ್ಯವಲ್ಲ. ಹಣ ಮರಳಿಸುವದೂ ಅಸಾಧ್ಯವಲ್ಲ: ಸ್ಟೀಮ್ ಎಂಬ ಅಂಗಡಿಯು 2015ರಿಂದ, ಕೊಂಡ ಹದಿನಾಲ್ಕು ದಿನಗಳೊಳಗೆ ಎರಡು ತಾಸಿಗಿಂತ ಕಡಿಮೆ ಆಡಿದವರಿಗೆ ಹಣವನ್ನು ಹಿಂದಿರುಗಿಸುತ್ತಿದೆ. ಮುಗಿಯದ್ದನ್ನು ಮಾರುವವರು ಹಾಗೆಂದು ಹೇಳಿ, ಕಡಿಮೆ ಕ್ರಯಕ್ಕೆ ಮಾರಲಿ, ಬೇಕಾದವರು ಕೊಳ್ಳಲಿ. ಮಿಕ್ಕವರಿಗೆ, ಓಲೆ ಬರೆದ ಮಹಾಶಯರನ್ನೂ ಸೇರಿಸಿ, ನಮ್ಮ ಸಲಹೆಯೆಂದರೆ ಹೊಸ ಆಟವನ್ನು ಮೊದಲ ದಿನವೇ ಕೊಳ್ಳಬೇಡಿರಿ. ವರುಷ ಕಾದರೆ ತೇಪೆಗಳೆಲ್ಲ ಬಂದಿರುತ್ತವೆ, ಬಹಳ ಸಲ ಕ್ರಯವೂ ಇಳಿದಿರುತ್ತದೆ.

ಅವರ ಮಗನ ಆಟವು ಹದಿನಾರನೆಯ ದಿನ ಆರಂಭವಾಯಿತಂತೆ. ಅಷ್ಟರಲ್ಲಿ ರಜೆಯು ತೀರಿ, ತಂದೆಯವರೇ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿ ಅಟ್ಟದ ಮೇಲಿಟ್ಟಿದ್ದಾರೆ. ಪರೀಕ್ಷೆಯು ಮುಗಿದ ಮೇಲೆ ಇಳಿಸುವರಂತೆ.