ನಿಮಗಿದು ಗೊತ್ತೇ? ಕರಿಮದ್ದಿನ ಕರಾಮತ್ತು

ಧಾರವಾಡದ ಕೋಟೆ ಗೆಲ್ಲಲು ಮರಾಠಾ ಸೈನ್ಯಕ್ಕೆ ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು! 1790ರ ಸೆಪ್ಟೆಂಬರ್‌ನಲ್ಲಿ ಪರಶುರಾಮ ಭಾವೂ ಮುತ್ತಿಗೆ ಹಾಕಿದ. ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಬಗ್ಗಿದ್ದು 1791ರ ಏಪ್ರಿಲ್‌ನಲ್ಲಿ. ನೆರವಿಗೆಂದು ಮುಂಬೈ ಕಡೆಯಿಂದ ಬಂದಿದ್ದ ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿಯಲ್ಲಿ ಎಡ್ವರ್ಡ್ ಮೂರ್ ಎಂಬ ಇಪ್ಪತ್ತರ ಆಸುಪಾಸಿನ ಅಧಿಕಾರಿ ಇದ್ದ. ಅವನು 1794ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಮುತ್ತಿಗೆಯ ದಿನಚರಿಯೇ ಇದೆ. ಮರಾಠರು ಫಿರಂಗಿಗೆ ಮದ್ದು ತುಂಬುವುದು, ಎಲ್ಲರೂ ಸುತ್ತ ಕೂತು ಅರ್ಧ ತಾಸು ಹೊಗೆ ಸೇದುತ್ತ ಹರಟೆ ಹೊಡೆಯುವುದು, ಆಮೇಲೆ ಒಂದು ಗುಂಡು ಹಾರಿಸುವುದು. ಗೋಡೆಯಿಂದ ಧೂಳು ಜೋರಾಗಿ ಎದ್ದರೆ ಕೆಲಸ ಆಯಿತೆಂದೇ ಲೆಕ್ಕ, ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ಗುಂಡು ಹಾರಿಸುತ್ತಿದ್ದುದೇ ಅಪರೂಪ, ಊಟದ ಹೊತ್ತಲ್ಲವೇ!

ಮೂರ್‌ಗೆ ಇದು ನಗೆಪಾಟಲಿನ ಸಂಗತಿಯಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ಕಾದ ಫಿರಂಗಿಗೆ ಆತುರದಲ್ಲಿ ಮದ್ದು ಸುರಿದರೆ ಸುರಿದವನ ಕೈಯೇ ಹೋದೀತು. ಅಲ್ಲದೆ ಎತ್ತಿನ ಬೆನ್ನ ಮೇಲೆ ದೂರದಿಂದ ಬರಬೇಕಾದ ಮದ್ದನ್ನು ಅಳೆದು ತೂಗಿಯೇ ಸುಡಬೇಕಿತ್ತು ಎಂದು ನನ್ನ ಊಹೆ. ಅವಸರ ಮಾಡಿದ ಇಂಗ್ಲಿಷರಾದರೂ ಸಾಧಿಸಿದ್ದೇನು? 1791ರ ಫೆಬ್ರವರಿಯಲ್ಲಿ ಕೋಟೆಗೆ ಲಗ್ಗೆ ಹಾಕಿ ಸೋತು ಹಿಂದೆ ಸರಿದರು. ಅಂದಹಾಗೆ, ಇದೇ ಮೂರ್ 1810ರಲ್ಲಿ ನಮ್ಮ ದೇವದೇವತೆಗಳ ಬಗ್ಗೆ ‘ಹಿಂದೂ ಪ್ಯಾಂಥಿಯನ್’ ಎಂಬ ದಪ್ಪ ಗ್ರಂಥ ಬರೆದು ಹೆಸರಾದ.

ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು. ನೂರು ಪಾಲಿನಲ್ಲಿ 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿಯುವುದು ಇದ್ದಿಲು, ಅದಕ್ಕೆ ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒಳಗಿನಿಂದಲೇ ಕೊಡುತ್ತದೆ. ಹೀಗಾಗಿಯೇ ಬಾಯಿ ಬಿಗಿದ ನಳಿಗೆಯೊಳಗೆ, ಹೊರಗಿನ ಗಾಳಿಯ ಹಂಗಿಲ್ಲದೆ ಮದ್ದು ಹೊತ್ತಿಕೊಳ್ಳುತ್ತದೆ. ಗಂಧಕ ಬೇಗ ಬೆಂಕಿ ಹಿಡಿಸುವ ದಲ್ಲಾಳಿ.

ಮೂರರಲ್ಲಿ ಹೆಚ್ಚು ತಲೆಕೆಡಿಸುವುದು ಯಾವುದು? ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗವಾದ ಇದ್ದಿಲು! ಸಾಗುವಾನಿ, ಮತ್ತಿಯಂಥ ಗಟ್ಟಿ ಮರದ ಇದ್ದಿಲು ಒಲೆಗೆ ಚೆನ್ನ, ಮದ್ದಿಗಲ್ಲ. ಮದ್ದಿಗೆ ಬೇಕಾದದ್ದು ಹಗುರವಾದ, ರಂಧ್ರಗಳಿರುವ, ಬೂದಿ ಕಡಿಮೆ ಬಿಡುವ ಇದ್ದಿಲು. ಇಂಗ್ಲೆಂಡಿನಲ್ಲಿ ವಿಲೋ, ಆಲ್ಡರ್ ಮರಗಳನ್ನು ಹುಡುಕುತ್ತಿದ್ದರು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒದಗಿದ್ದು ಎಕ್ಕೆ ಗಿಡ ಮತ್ತು ತೊಗರಿ ಕಟ್ಟಿಗೆ. ರಾಶಿ ಮುಗಿದ ಮೇಲೆ ನಮ್ಮ ಕಡೆ ಹೊಲದ ಬದುವಿನಲ್ಲಿ ಒಟ್ಟಿರುತ್ತಾರಲ್ಲ, ಅದೇ ತೊಗರಿ ಕಟ್ಟಿಗೆ. ಬ್ರಿಟಿಷರ ಕಾಲದಲ್ಲಿ ಬಂಗಾಳದ ಮದ್ದಿನ ಕಾರ್ಖಾನೆಗೂ ಅದೇ ಬೇಕಾಗಿತ್ತು.

ಆ ಬಂಗಾಳದ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಜಾನ್ ಫಾರ್ಕರ್ ಎಂಬ ಸ್ಕಾಟ್ಲೆಂಡಿನವನು ಮದ್ದಿನಲ್ಲೇ ಕುಬೇರನಾದ. ಊರಿಗೆ ಮರಳಿ 1822ರಲ್ಲಿ ಫಾಂಟ್‌ಹಿಲ್ ಅಬ್ಬೆ ಎಂಬ ಅರಮನೆಯನ್ನೇ ಕೊಂಡ. ಮೂರು ವರ್ಷಕ್ಕೆ ಅದರ ಗೋಪುರ ತಾನಾಗಿಯೇ ಕುಸಿಯಿತು. ಅದಕ್ಕೆ ಮಾತ್ರ ಮದ್ದು ಕಾರಣವಲ್ಲ.

ಪೋರ್ಚುಗೀಸರಿಗೆ ಬಂಕಾಪುರದ ಮೇಲೆ ಯಾಕೆ ಕಣ್ಣಿತ್ತು ಗೊತ್ತೇ? ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊರಟರೆ ಶಿಗ್ಗಾವಿ ದಾಟಿದ ಮೇಲೆ ಸಿಗುವ ಈ ಊರನ್ನು ಇಂದು ನವಿಲುಧಾಮಕ್ಕಾಗಿ ನೆನೆಯುತ್ತೇವೆ. 1547ರಲ್ಲಿ ಗೋವೆಯ ಪೋರ್ಚುಗೀಸ್ ಗವರ್ನರ್ ಜೊವಾವ್ ದ ಕಾಸ್ಟ್ರೊ ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಬಂಕಾಪುರಕ್ಕೆ ಬರುವ ಪೆಟ್ಲುಪ್ಪು ಮತ್ತು ಕಬ್ಬಿಣ ಕರಾವಳಿಯಲ್ಲಿ ತಮ್ಮ ಕೈಗೇ ಸೇರಬೇಕೆಂಬ ಶರತ್ತು ಇತ್ತು. ಮದ್ದಿಗೆ ಒಂದು, ನಳಿಗೆಗೆ ಇನ್ನೊಂದು. ಅದಕ್ಕೂ ಮುಂಚೆ, 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ತೊವಾವ್ ದ ಫಿಗೆಯ್ರೆದೊ ಎಂಬವನ ಪೋರ್ಚುಗೀಸ್ ಬಂದೂಕುಗಾರರು ಕೋಟೆಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರನ್ನಾಗಿ ಕೆಡವಿದ್ದರು. ಪೋರ್ಚುಗೀಸ್ ಪ್ರವಾಸಿ ನುನಿಜ್ ಅದನ್ನು ಬರೆದಿಟ್ಟಿದ್ದಾನೆ.

ಪೆಟ್ಲುಪ್ಪು ಎಂದೊಡನೆ ಉಪ್ಪಾರರನ್ನು ನೆನೆಯಬೇಕು. ಹಳೆಯ ಊರಿನ ಮಣ್ಣು, ದನ ಕಟ್ಟಿದ ಜಾಗದ ಮಣ್ಣು, ಬಿದ್ದ ಗೋಡೆಯ ಮಣ್ಣು ಅವರ ಗಣಿ. ನೀರಿನಲ್ಲಿ ಸೋಸಿ, ಕಾಸಿ, ಹರಳುಗಟ್ಟಿಸುತ್ತಿದ್ದರು. ತೊಂದರೆ ಏನೆಂದರೆ, ಸರಿಯಾಗಿ ಶುದ್ಧ ಮಾಡದ ಪೆಟ್ಲುಪ್ಪಿನಲ್ಲಿ ಅಡಿಗೆ ಉಪ್ಪು, ಸುಣ್ಣದಂಶದ ಲವಣಗಳು ಉಳಿದುಬಿಡುತ್ತವೆ. ಅವು ಗಾಳಿಯ ತೇವ ಕುಡಿಯುತ್ತವೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಅಂಥ ಮದ್ದಿನ ಗತಿ ಏನಾಗಿರಬೇಕು ನೋಡಿ!

ಹಳೆಯ ಮದ್ದಿನ ಪರೀಕ್ಷೆ ಬಲು ಚಂದ. ಮೊದಲು ನಾಲ್ಕು ಕಾಳು ಬೆರಳಲ್ಲಿ ಉಜ್ಜಬೇಕು. ಕಪ್ಪು ಪುಡಿ ಅಂಟಿದರೆ ಕಾಳು ಮೆತ್ತಗಿದೆ, ತೇವ ಹಿಡಿದಿದೆ. ಆಮೇಲೆ ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಇಟ್ಟು ಕಿಡಿ ಮುಟ್ಟಿಸಬೇಕು. ಒಳ್ಳೆಯ ಮದ್ದು ‘ಭುಸ್’ ಎಂದು ಒಂದೇ ಬಾರಿಗೆ ಮೇಲೆದ್ದು ಹೋಗುತ್ತದೆ, ಕಾಗದ ಸುಡುವುದಿಲ್ಲ, ಕಲೆಯೂ ಹೆಚ್ಚು ಉಳಿಯುವುದಿಲ್ಲ. ಕೆಟ್ಟದ್ದು ಚಿಟಿಚಿಟಿ ಸಿಡಿಯುತ್ತ ಕಾಗದಕ್ಕೆ ತೂತು ಬೀಳಿಸಿ ಮಣಿಮಣಿ ಕಸ ಬಿಟ್ಟು ಹೋಗುತ್ತದೆ. ಉಗ್ರಾಣದ ಅಧಿಕಾರಿಗಳು ಪೀಪಾಯಿ ಒಪ್ಪಿಕೊಳ್ಳುವ ಮುಂಚೆ ಮಾಡುತ್ತಿದ್ದ ಈ ಪರೀಕ್ಷೆಯನ್ನು ಮನೆಯಲ್ಲಿ ಯಾರೂ ಮಾಡಬೇಡಿ.

ಕಿತ್ತೂರಿನವರು ಈ ಪರೀಕ್ಷೆ ಮಾಡಿದ್ದರೆ? 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಗುಂಡೇಟಿಗೆ ಸತ್ತ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪನೆಂದು ನಾಡಿಗೇ ಗೊತ್ತು. ಆದರೆ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಪಡೆಯೊಡನೆ ಮತ್ತೆ ಬಂದಾಗ ಕೋಟೆ ಬಿತ್ತು. ಮದ್ದಿನಲ್ಲಿ ಸಗಣಿ, ನವಣೆ ಬೆರೆಸಿ ಒಳಗಿನವರೇ ದ್ರೋಹ ಮಾಡಿದರು ಎಂಬುದು ಈ ಭಾಗದ ಜನ ಇಂದಿಗೂ ಹೇಳುವ ಮಾತು. ಆ ದ್ರೋಹದ ಆರೋಪ ಹೊತ್ತ ಮಲ್ಲಪ್ಪಶೆಟ್ಟಿ, ವೆಂಕಟರಾವ್ ಹೆಸರು ಕೇಳಿದರೆ ಹಲ್ಲು ಕಡಿಯುವವರಿದ್ದಾರೆ. ಕಲಬೆರಕೆಯ ಕಥೆಗೆ ದಾಖಲೆ ಕೇಳಬೇಡಿ, ಆದರೆ ರಸಾಯನಶಾಸ್ತ್ರದ ಪ್ರಕಾರ ಅದರಲ್ಲಿ ಅಸಾಧ್ಯವಾದದ್ದೇನಿಲ್ಲ. ನವಣೆ ಸಾಕಷ್ಟು ಬೆರೆತರೆ, ಕಾಳಿನಿಂದ ಕಾಳಿಗೆ ಓಡಬೇಕಾದ ಬೆಂಕಿ ಅಲ್ಲಲ್ಲೇ ತಡವರಿಸುತ್ತದೆ. ಬಣ್ಣ, ಗಾತ್ರ ಎರಡರಲ್ಲೂ ಮೋಸ ಮಾಡಲು ಮಸಿ ಬಳಿದ ನವಣೆಗಿಂತ ಬೇರೆ ಬೇಕೆ?

ಸತ್ತ ಥ್ಯಾಕರೆ ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ.

ಮದ್ದನ್ನು ಪುಡಿಯಾಗಿಯೇ ಬಳಸಿದರೆ ನಿಧಾನ ಉರಿಯುತ್ತದೆ, ಕಾಳು ಮಾಡಿದರೆ ವೇಗ. ಕಾಳುಗಳ ನಡುವಿನ ಸಂದಿಯಲ್ಲಿ ಜ್ವಾಲೆ ನುಸುಳಿ ಹೋಗುವುದೇ ಇದಕ್ಕೆ ಕಾರಣ. ಹೀಗಾಗಿ ಅಮೆರಿಕದಂಥ ದೇಶಗಳಲ್ಲಿ ಇಂದಿಗೂ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಜಿಂಕೆ ಬೇಟೆಯಾಡುವವರು ಅಂಗಡಿಯಲ್ಲಿ ಮೊದಲು ಕೇಳುವುದು ಕಾಳಿನ ಗಾತ್ರ. ಡಬ್ಬಿಯ ಮೇಲೆ ‘ಎಫ್’ ಅಕ್ಷರ ಹೆಚ್ಚಿದಷ್ಟೂ ಕಾಳು ಸಣ್ಣ. ನಾಲ್ಕು ಎಫ್ ಎಂದರೆ ನುಚ್ಚಿನಂತೆ, ಚಕಮಕಿ ಬಂದೂಕಿನಲ್ಲಿ ಕಿಡಿ ಬೀಳುವ ಕಿವಿಗೆ ಮಾತ್ರ. ಮೂರು ಎಫ್ ಸಣ್ಣ ನಳಿಗೆಗೆ, ಸುಮಾರು 0.45 ಅಂಗುಲದವರೆಗೆ. ಎರಡು ಎಫ್ 0.50 ಅಂಗುಲ ಹಾಗೂ ಅದಕ್ಕಿಂತ ದೊಡ್ಡದಕ್ಕೆ. ಜಿಂಕೆ ಬೇಟೆಯವರ ಮೆಚ್ಚಿನದು ಸಾಮಾನ್ಯವಾಗಿ ಇದೇ. ಒಂದು ಎಫ್ ದಪ್ಪ ಚರೆಕೋವಿಗಳಿಗೆ. ದೊಡ್ಡ ನಳಿಗೆಗೆ ಸಣ್ಣ ಕಾಳು ಹಾಕಿದರೆ ಒತ್ತಡ ಒಮ್ಮೆಲೇ ಏರುತ್ತದೆ, ಸಣ್ಣ ನಳಿಗೆಗೆ ದಪ್ಪ ಕಾಳು ಹಾಕಿದರೆ ಗುಂಡು ಸೋಮಾರಿಯಾಗುತ್ತದೆ.

ಅಳತೆ ತೂಕದಲ್ಲಲ್ಲ, ಗಾತ್ರದಲ್ಲಿ! 1970ರ ದಶಕದಲ್ಲಿ ಪೈರೋಡೆಕ್ಸ್ ಎಂಬ ಬದಲಿ ಮದ್ದು ಬಂತು. ಅದು ಕರಿಮದ್ದಿಗಿಂತ ಹಗುರ. ತಕ್ಕಡಿಯಲ್ಲಿ ಸಮ ತೂಗಿ ಹಾಕಿದರೆ ಅಳತೆ ಮೀರಿತೆಂದೇ ಅರ್ಥ. ಅದಕ್ಕೆ ಬೆಂಕಿ ಹಿಡಿಯಲು ಹೆಚ್ಚು ಶಾಖವೂ ಬೇಕು, ಹಾಗಾಗಿ ಚಕಮಕಿ ಬಂದೂಕಿಗೆ ಒಗ್ಗುವುದಿಲ್ಲ. ಆಧುನಿಕ ತೋಟಾಗಳಲ್ಲಿರುವ ಹೊಗೆರಹಿತ ಮದ್ದನ್ನಂತೂ ಹಳೆಯ ನಳಿಗೆಗೆ ತೋರಿಸಲೂಬಾರದು. ನಳಿಗೆ ಸಿಡಿದು ಕಣ್ಣು, ಬೆರಳು ಕಳಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಬಂದೂಕಿನ ಕೇಪು ಹುಟ್ಟಿದ್ದು ಒಬ್ಬ ಪಾದ್ರಿಯ ಬೇಟೆ ಚಟದಿಂದ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಹಕ್ಕಿಗೆ ಗುರಿಯಿಟ್ಟರೆ, ಚಕಮಕಿಯ ಕಿವಿಯಲ್ಲಿ ಮೊದಲು ಮಿಂಚು ಹೊಳೆದು ಹಕ್ಕಿ ಹಾರಿಬಿಡುತ್ತಿತ್ತು. ಬಡಿದರೆ ಸಿಡಿಯುವ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಪೇಟೆಂಟ್ ಪಡೆದ. ಕೇಪು ಅದರ ಮುಂದಿನ ರೂಪ.

ಕರಿಮದ್ದು ಉರಿದ ಮೇಲೆ ಅದರ ಅರ್ಧಕ್ಕೂ ಹೆಚ್ಚು ಭಾಗ ಘನರೂಪದಲ್ಲೇ ಉಳಿಯುತ್ತದೆ. ಆ ದಟ್ಟ ಬಿಳಿ ಹೊಗೆ, ನಳಿಗೆಯ ಒಳಗಿನ ಕರಿ ಲೇಪ ಎಲ್ಲ ಅದೇ. ಈ ಲೇಪ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ಉಕ್ಕನ್ನು ತಿನ್ನಲು ಶುರುಮಾಡುತ್ತದೆ. ತೊಳೆಯಲು ದುಬಾರಿ ಎಣ್ಣೆ ಬೇಕಿಲ್ಲ. ಬಿಸಿನೀರು ಸಾಕು, ಎಣ್ಣೆ ಸವರುವುದು ಚೆನ್ನಾಗಿ ಒಣಗಿದ ಮೇಲೆ.

ಆಯುಧ ಒಪ್ಪಿಸಿ ಎಂದದ್ದಕ್ಕೆ ಯುದ್ಧವೇ ನಡೆದ ಊರು ಮುಧೋಳ ಹತ್ತಿರದ ಹಲಗಲಿ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬೇಡರ ಬೇಟೆಯ ಬಂದೂಕಿಗೂ ಕೈ ಹಾಕಿತು. ನವೆಂಬರ್ ಕೊನೆಯಲ್ಲಿ ಇಂಗ್ಲಿಷ್ ಪಡೆ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೇರಿಸಿದರು. ಆ ಕಥೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು, ವಿಚಿತ್ರ ನೋಡಿ, ಇಂಗ್ಲಿಷ್ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್.

ಹಲಗಲಿ ಉರಿದು ನಾಲ್ಕು ವರ್ಷ ತುಂಬುವುದರೊಳಗೆ, 1861ರಲ್ಲಿ, ಅದೇ ಸರಕಾರ ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಈಗಲೂ ಉಂಟು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ.

ನಮ್ಮಲ್ಲಿ ಇವತ್ತು ಬೇಟೆಗೆಂದು ಮದ್ದು ಆರಿಸುವ ಪ್ರಶ್ನೆಯೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಆ ಬಾಗಿಲು ಮುಚ್ಚಿದೆ. ಆದರೂ ಬಾಯಿಂದ ತುಂಬುವ ಬಂದೂಕು ಕಾನೂನಿನಿಂದ ಮಾಯವಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಅಂಥ ಬಂದೂಕಿನ ಪರವಾನಗಿಯನ್ನು ಹೆಸರೆತ್ತಿ ಹೇಳುತ್ತದೆ. ಕಲಘಟಗಿ, ಅಳ್ನಾವರ ಕಡೆಯ ಭತ್ತ, ಕಬ್ಬು, ಗೋವಿನಜೋಳದ ಹೊಲಗಳಿಗೆ ಹಂದಿ ನುಗ್ಗುವ ಹೊತ್ತಿಗೆ ಒಂದು ಖಾಲಿ ಸದ್ದೇ ಸಾಕಾಗುತ್ತದೆ. ಚುನಾವಣೆ ಘೋಷಣೆಯಾದರೆ ಮಾತ್ರ ಬಂದೂಕು ಪೊಲೀಸ್ ಠಾಣೆಗೆ. ನೀತಿ ಸಂಹಿತೆ ಹಂದಿಗಳಿಗೆ ಅನ್ವಯಿಸುವುದಿಲ್ಲವೆಂದು ರೈತರು ಗೊಣಗುವುದು ಸುಮ್ಮನೆ ಅಲ್ಲ. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವ ಚಾಳಿಗೆ ಮಾತ್ರ ಯಾವ ಸಮಜಾಯಿಷಿಯೂ ಇಲ್ಲ. ಮೇಯಲು ಹೋದ ಎಮ್ಮೆ, ಆಕಳುಗಳ ದವಡೆಯೂ ಅದರಲ್ಲಿ ಹಾರಿಹೋಗುತ್ತದೆ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಒಂದು ಬತ್ತಿದ ಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಹೈದರ್-ಟಿಪ್ಪು ಕಾಲದ ಕಬ್ಬಿಣದ ಕೊಳವೆಗಳು. ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ.

ಮದ್ದಿನ ಮನೆ ನಡೆದದ್ದು ಗೊತ್ತೇ? ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಇಟ್ಟಿಗೆಯ ಶಸ್ತ್ರಾಗಾರವೊಂದು ಬೆಂಗಳೂರು-ಮೈಸೂರು ಜೋಡಿಹಳಿಗೆ ಅಡ್ಡ ಬಂತು. ಒಡೆಯುವಂತಿಲ್ಲ, ಬಿಡುವಂತಿಲ್ಲ. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರು. ಸರಿಸುವ ಕೆಲಸ ಮಾಡಿಸಿದ್ದು ಯಾರು ಅಂತೀರಿ? ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿ ಇರುವ ನಮ್ಮ ನೈಋತ್ಯ ರೈಲ್ವೆ. ಒಳಗೆ ಮದ್ದು ಇರಲಿಲ್ಲ ಬಿಡಿ.